ಏನ್ ಮುಟ್ಟಿ ಬಂದಿ?

ಔಷಧಿ ಕಲಸಿಟ್ಟ ಡ್ರಮ್ಮಿಗೆ ಬಾಯಿ ಹಾಕಿ ರಾವಸಾಹೇಬನ ತೋಟದಲ್ಲಿ ಒಂದು ಕರು ಸತ್ತಿತು. ಅವರ ಮನೆಗೆ ದ್ರಾಕ್ಷಿ ಆಗಿನ್ನೂ ಹೊಸದು. ಅಪ್ಪನ ಕಾಲದಿಂದ ಕಬ್ಬು, ಜೋಳ ಬೆಳೆದವರು. ಐನಾಪುರದ ನಾಲ್ಕು ಮಂದಿ ದ್ರಾಕ್ಷಿ ಹಚ್ಚಿದ್ದನ್ನು ನೋಡಿ ರಾವಸಾಹೇಬನೂ ಎರಡು ಎಕರೆಗೆ ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದ. ದ್ರಾಕ್ಷಿ ಎಂದರೆ ಔಷಧಿ ಹೊಡೆಯುವ ಬೆಳೆ. ಮೋಡ ಕವಿದರೆ ಹೊಡೆಯಬೇಕು, ಇಬ್ಬನಿ ಬಿದ್ದರೆ ಹೊಡೆಯಬೇಕು.

ಕರು ಬಾಯಲ್ಲಿ ನೊರೆ ಬಿಟ್ಟುಕೊಂಡು ಕಾಲು ಝಾಡಿಸುತ್ತಿದ್ದಾಗ ರಾವಸಾಹೇಬನ ಹೆಂಡತಿ ಚನ್ನವ್ವ ಬುತ್ತಿ ಬುಟ್ಟಿ ಹೊತ್ತು ತೋಟಕ್ಕೆ ಬರುತ್ತಿದ್ದಳು. ಬುಟ್ಟಿ ಅಲ್ಲೇ ಒಗೆದು ಓಡಿದಳು. ಅವಳು ನೋಡಿದ್ದು ಕರುವನ್ನಲ್ಲ. ಡ್ರಮ್ಮಿನ ಮಗ್ಗುಲಲ್ಲಿ ಐದು ವರ್ಷದ ಮಗಳು ಮಂಗಲ ಕುಕ್ಕರಗಾಲಲ್ಲಿ ಕೂತಿದ್ದಳು. ಎರಡೂ ಕೈ ತೊಯ್ದಿದ್ದವು. ಡ್ರಮ್ಮಿನ ನೀರೋ, ಕಾಲುವೆಯ ನೀರೋ ಯಾರಿಗೆ ಗೊತ್ತು? ಚನ್ನವ್ವ ಮಗಳನ್ನು ಬಾವಿಗೆ ಎಳೆದೊಯ್ದು, ಹುಡುಗಿ ಅಳುತ್ತಿದ್ದರೂ ಬಿಡದೆ, ತಲೆಯಿಂದ ಕಾಲಿನವರೆಗೆ ತೊಳೆದಳು. ಮಂಗಲಳಿಗೆ ಏನೂ ಆಗಲಿಲ್ಲ. ಸಂಜೆ ರೊಟ್ಟಿ ಹಾಲು ಉಂಡು ಮಲಗಿದಳು. ಆಗಿದ್ದೇನಿದ್ದರೂ ಚನ್ನವ್ವನಿಗೆ ಆಯಿತು, ಅದು ಯಾರ ಕಣ್ಣಿಗೂ ಕಾಣಲಿಲ್ಲ.

ಆಗ ಅವಳು ಬಸುರಿ. ಮರುವರ್ಷ ತವರುಮನೆ ದಿಗ್ಗೇವಾಡಿಯಲ್ಲಿ ಭೀಮಸಿ ಹುಟ್ಟಿದ. ಕೂಸನ್ನು ಎತ್ತಿಕೊಂಡು ಐನಾಪುರಕ್ಕೆ ತಿರುಗಿ ಬಂದ ದಿನ ಗಂಡ ಕೈ ಚಾಚಿದ. ಚನ್ನವ್ವ ಕೂಸನ್ನು ಕೊಡಲಿಲ್ಲ.

"ಮೊದಲ ಜಳಕಾ ಮಾಡ್ಕೊಂಡ ಬರ್ರಿ" ಎಂದಳು. "ತೋಟದಾಗಿಂದ ಬಂದೀರಿ."

ಅತ್ತೆ ಸೋನಾಬಾಯಿಗೆ ಇದು ಹೆಮ್ಮೆಯೇ ಆಯಿತು. ಓಣಿಯ ಹೆಂಗಸರೆದುರು, "ನಮ್ಮ ಸೊಸಿ ಭಾಳ ಸ್ವಚ್ಛ ನೋಡ್ರಿ. ಐನೋರ ಮನಿ ಮಡಿ ಆಕಿ ಮುಂದ ಏನೂ ಅಲ್ಲ" ಎಂದು ಹೇಳಿಕೊಂಡಳು. ರಾವಸಾಹೇಬನಿಗೂ ಮಾತು ಸರಿ ಅನ್ನಿಸಿತು. ಔಷಧಿ ಎಂದರೆ ವಿಷವೇ ತಾನೆ. ತೋಟದ ಬಾವಿಯಲ್ಲಿ ಸಾಬಾಣ ಹಚ್ಚಿ ಜಳಕ ಮಾಡಿ, ಬೇರೆ ಅರಿವೆ ಉಟ್ಟು ಮನೆಗೆ ಬರತೊಡಗಿದ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು, ನಿಲ್ಲಲಿಲ್ಲ. ಗಂಡ ಜಳಕ ಮಾಡಿ ಬಂದರೂ, ಅವನು ತೆಗೆದ ಬಾಗಿಲ ಚಿಲಕದ ಮೇಲೆ ಔಷಧಿ ಇರಬಹುದು ಅನ್ನಿಸಿತು. ಚಿಲಕ ತೊಳೆದಳು. ಚಿಲಕ ಮುಟ್ಟಿದ ಕೈಯಿಂದ ತಂಬಿಗೆ ಹಿಡಿದಿದ್ದಳು, ತಂಬಿಗೆ ತೊಳೆದಳು. ತಂಬಿಗೆಯ ನೀರು ಹಿಟ್ಟಿಗೆ ಹಾಕಿದ್ದಳು, ಕಲಸಿದ ಹಿಟ್ಟನ್ನು ಎಮ್ಮೆಗೂ ಹಾಕದೆ ತಿಪ್ಪೆಗೆ ಚೆಲ್ಲಿದಳು. ಎಮ್ಮೆ ತಿಂದು ಸತ್ತರೆ? ಎಮ್ಮೆಯ ಹಾಲನ್ನು ಮಕ್ಕಳು ಕುಡಿದರೆ? ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಕೈ ತೊಳೆಯುವಾಗ ಯಾರಾದರೂ ಮಾತಾಡಿಸಿದರೆ ಮುಗಿಯಿತು, ಮತ್ತೆ ಮೊದಲಿನಿಂದ ತೊಳೆಯಬೇಕು. ಬೆರಳ ಸಂದಿಗಳು ಬಿರಿದು ಬೇಸಿಗೆಯ ಎರೆಭೂಮಿಯ ಹಾಗಾದವು. ಖಾರ ಮುಟ್ಟಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಇದು ಅತಿ ಆಯಿತು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಅಷ್ಟು ಸಂಕಟವೂ ಇರುತ್ತಿರಲಿಲ್ಲವೇನೋ. ತೊಳೆದಿದ್ದೀನಿ, ಕಣ್ಣಾರೆ ನೋಡಿದ್ದೀನಿ ಎಂದು ಒಂದು ಮನಸ್ಸು ಹೇಳುತ್ತಿತ್ತು. ಇನ್ನೊಂದು ಮನಸ್ಸಿಗೆ ಒಂದೇ ಮಾತು ಸಾಕಿತ್ತು: ಉಳಿದಿದ್ದರೆ? ಆ ಮಾತಿನ ಜೊತೆಗೇ ನೊರೆ ಬಿಟ್ಟ ಬಾಯಿ ಕಣ್ಣ ಮುಂದೆ ಬರುತ್ತಿತ್ತು. ಆ ಬಾಯಿ ಕರುವಿನದಾಗಿರುತ್ತಿರಲಿಲ್ಲ.

ಮಂಗಲ ಸಾಲೆಗೆ ಹೋಗತೊಡಗಿದಳು. ಸಾಲೆಯ ದಾರಿ ಇನ್ನೊಬ್ಬರ ದ್ರಾಕ್ಷಿ ತೋಟದ ಬೇಲಿ ಹಿಡಿದು ಹೋಗುತ್ತಿತ್ತು. ಸಂಜೆ ಹುಡುಗಿ ಬಂದೊಡನೆ ಚನ್ನವ್ವ ಅವಳನ್ನು ಹೊಸ್ತಿಲ ಹೊರಗೇ ನಿಲ್ಲಿಸುತ್ತಿದ್ದಳು.

"ಏನ್ ಮುಟ್ಟಿ ಬಂದಿ?"

"ಏನೂ ಇಲ್ಲ ಯವ್ವಾ."

"ಬೇಲಿ ಮುಟ್ಟೀದಿ?"

"ಇಲ್ಲ."

"ಹಾದ್ಯಾಗ ಡಬ್ಬಿ-ಗಿಬ್ಬಿ ಬಿದ್ದಿತ್ತು?"

"ಇಲ್ಲ ಬೇ."

"ನನ್ನ ಆಣಿ ಮಾಡು."

ಮಂಗಲ ಆಣೆ ಮಾಡುತ್ತಿದ್ದಳು. ತಾಯಿಯ ಮುಖದ ಮೇಲಿನ ನೆರಳು ಒಂದು ಗಳಿಗೆ ಸರಿದ ಹಾಗಾಗುತ್ತಿತ್ತು. ಮತ್ತೆ ಅದೇ ಪ್ರಶ್ನೆ. ಬರಬರುತ್ತ ತಾಯಿ ಕೇಳುವ ಮೊದಲೇ ಹುಡುಗಿ ಒಪ್ಪಿಸತೊಡಗಿದಳು: ಬೇಲಿ ಮುಟ್ಟಿಲ್ಲ, ಡಬ್ಬಿ ಮುಟ್ಟಿಲ್ಲ, ಬಾಬುಸಾಬನ ಸೈಕಲ್ಲು ಮುಟ್ಟಿಲ್ಲ, ನಿನ್ನ ಆಣಿ. ಅಷ್ಟಾದ ಮೇಲೆ ಹಿತ್ತಲ ಕಲ್ಲಿನ ಮೇಲೆ ಜಳಕ, ಉಡಲು ಬೇರೆ ಪರಕಾರ, ಆಮೇಲೆ ಒಳಗೆ. ಗೆಳತಿಯರು ಕುಂಟಾಟಕ್ಕೆ ಕರೆದರೆ ಹೋಗುವುದನ್ನು ಬಿಟ್ಟಳು. ಆಡಿದರೆ ಮತ್ತೊಂದು ಜಳಕ.

ಬಾಬುಸಾಬ ಅವರ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದವನು. ಅವನ ಹೆಂಡತಿ ಸರ್ವರಬಿ ಚನ್ನವ್ವನ ಗೆಳತಿ. ಮಧ್ಯಾಹ್ನ ಇಬ್ಬರೂ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಕವದಿ ಹೊಲಿಯುತ್ತ ಮಾತಾಡುವುದು ಲಗ್ನವಾಗಿ ಬಂದಾಗಿನಿಂದ ನಡೆದು ಬಂದಿತ್ತು. ಒಂದು ದಿನ ಸರ್ವರಬಿ ಎದ್ದು ಹೋದವಳು ಸೂಜಿ ಮರೆತೆನೆಂದು ತಿರುಗಿ ಬಂದಳು. ತಾನು ಕೂತಿದ್ದ ಜಾಗಕ್ಕೆ ಚನ್ನವ್ವ ಕೊಡದಿಂದ ನೀರು ಹಾಕಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು.

"ನಾ ಕುಂತಿದ್ದಕ್ಕ ತೊಳ್ಯಾಕತ್ತೀಯೇನ ಚನ್ನವ್ವ?" ಎಂದಳು. "ಇಷ್ಟ ವರ್ಷ ಇದು ನನಗ ತಿಳೀಲೇ ಇಲ್ಲಲ್ಲ."

"ಹಂಗಲ್ಲ ಸರ್ವರಬಿ…" ಎಂದಳು ಚನ್ನವ್ವ. ಹಂಗಲ್ಲ ಅಂದಮೇಲೆ ಹೆಂಗ ಅನ್ನುವುದನ್ನು ಹೇಳಬೇಕಲ್ಲ. ನಿನ್ನ ಗಂಡ ಔಷಧಿ ಹೊಡೆಯುತ್ತಾನೆ, ಅದು ಅವನ ಅಂಗಿಯಿಂದ ನಿನ್ನ ಸೀರೆಗೆ, ಸೀರೆಯಿಂದ ಕಟ್ಟೆಗೆ, ಕಟ್ಟೆಯಿಂದ ನನ್ನ ಭೀಮಸಿಯ ಬಾಯಿಗೆ ಬರುತ್ತದೆ ಎಂದು ಹೇಗೆ ಹೇಳುವುದು? ಹೇಳಿದರೆ ಹುಚ್ಚಿ ಅಂದಾರು. ಹೇಳದಿದ್ದರೆ ಜಾತಿ ಮಾಡಿದಳು ಅಂದಾರು. ಸರ್ವರಬಿ ಸೂಜಿ ಅಲ್ಲೇ ಬಿಟ್ಟು ಹೋದಳು. ಆಮೇಲೆ ಬರಲಿಲ್ಲ.

ಭೀಮಸಿ ನಡೆಯಲು ಕಲಿತ. ನಡೆಯಲು ಕಲಿತ ಕೂಸು ಮಣ್ಣಲ್ಲೇ ಇರುವುದು. ಮೈಗೆಲ್ಲ ಮಣ್ಣು ಬಳಿದುಕೊಂಡು ಹೊಸ್ತಿಲ ಹತ್ತಿರ ಬಂದು ತಾಯಿಯತ್ತ ಎರಡೂ ಕೈ ಎತ್ತುತ್ತಿದ್ದ. "ತಡಿ ಕಂದಾ, ಕೈ ತೊಳ್ಕೊಂಡ ಬಂದ್ನಿ" ಎಂದು ಚನ್ನವ್ವ ಬಚ್ಚಲಿಗೆ ಹೋಗುತ್ತಿದ್ದಳು. ಅವಳು ಕೈ ತೊಳೆದು ಮುಗಿಸುವಷ್ಟರಲ್ಲಿ ಹುಡುಗ ಅತ್ತು ಅತ್ತು ಅಜ್ಜಿಯ ತೊಡೆ ಸೇರಿರುತ್ತಿದ್ದ. ಕೆಲವು ತಿಂಗಳಲ್ಲಿ ಅವನು ಕೈ ಎತ್ತುವುದನ್ನೇ ಬಿಟ್ಟ. ಚನ್ನವ್ವ ಅದನ್ನು ಕಂಡಳು. ರೊಟ್ಟಿ ಬಡಿಯುತ್ತ ಒಲೆಯ ಹೊಗೆಯ ನೆವದಲ್ಲಿ ಅತ್ತಳು. ಮಕ್ಕಳಿಗೆ ವಿಷ ತಾಗಬಾರದೆಂದು ಇಷ್ಟೆಲ್ಲ ಮಾಡುವವಳು ಆ ಮಕ್ಕಳನ್ನೇ ಮುಟ್ಟಲಾರದೆ ಹೋಗಿದ್ದಳು.

ರಾವಸಾಹೇಬ ಕೆಟ್ಟವನಲ್ಲ. ನೀರು ಸಾಲದೆ ಬಂದಾಗ ಬೋರಿಂಗಿನಿಂದ ಕೊಡ ಹೊತ್ತು ಹಂಡೆ ತುಂಬುತ್ತಿದ್ದ. ಹೇಳಿದಲ್ಲಿ ನಿಲ್ಲುತ್ತಿದ್ದ, ಹೇಳಿದ ಅರಿವೆ ಬಿಚ್ಚಿಡುತ್ತಿದ್ದ. ಆದರೆ ಒಂದು ಮುಂಜಾನೆ ಭೀಮಸಿ ಅಪ್ಪನ ಕಾಲಿಗೆ ಜೋತುಬಿದ್ದಾಗ ಚನ್ನವ್ವ ಚೀರಿದಳು. ಅವನ ತಾಳ್ಮೆ ಅಲ್ಲಿ ಹರಿಯಿತು.

"ಇವೇನ ನನ್ನ ಮಕ್ಕಳ ಹೌದೋ ಅಲ್ಲೋ? ನಾ ಏನ ಹಾವು?" ಎಂದು ಕೂಗಿ ತುಂಬಿದ ಹಂಡೆಯನ್ನು ಒದ್ದು ಉರುಳಿಸಿದ. ನೀರೆಲ್ಲ ಪಡಸಾಲೆಗೆ ಹರಿಯಿತು. ಅಂದಿನಿಂದ ತೋಟದ ಗುಡಿಸಲಲ್ಲೇ ಮಲಗತೊಡಗಿದ. ಊಟ ಅಲ್ಲಿಗೇ ಹೋಗುತ್ತಿತ್ತು.

ಸೋನಾಬಾಯಿ ತನಗೆ ತಿಳಿದದ್ದನ್ನೆಲ್ಲ ಮಾಡಿಸಿದಳು. ದೇವರು ಹೇಳುವವನ ಹತ್ತಿರ ಕರೆದೊಯ್ದಳು. ಸತ್ತ ಕರುವಿನ ಶಾಪ ಅಂದ, ನಿಂಬೆಹಣ್ಣು ಇಳಿಸಿ ತೋಳಿಗೆ ತಾಯತ ಕಟ್ಟಿದ. ಚನ್ನವ್ವ ಮನೆಗೆ ಬಂದು ತಾಯತವನ್ನೂ ಸಾಬಾಣ ಹಚ್ಚಿ ತೊಳೆದಳು. ದಾರ ಹಸಿಯಾಗೇ ಇದ್ದು ತೋಳು ಕೆರೆಯತೊಡಗಿತು.

ಭೀಮಸಿಗೆ ಮೂರು ವರ್ಷ ತುಂಬಿದ ಚಳಿಗಾಲ. ಮಧ್ಯಾಹ್ನ. ಸೋನಾಬಾಯಿ ಸಂತೆಗೆ ಹೋಗಿದ್ದಳು. ಸಾಲೆಗೆ ರಜೆ ಇದ್ದು ಮಂಗಲ ಮನೆಯಲ್ಲಿದ್ದಳು. ಚನ್ನವ್ವ ಹಿತ್ತಲ ಕಲ್ಲಿನ ಹತ್ತಿರ ಕೂತು ಕೈ ತೊಳೆಯುತ್ತಿದ್ದಳು. ಒಳಗೆ ಬಚ್ಚಲಲ್ಲಿ ಭೀಮಸಿ ಕಿರುಚಿದ್ದು ಕೇಳಿಸಿತು.

ಮೊದಲು ಹಟದ ಅಳು ಅಂದುಕೊಂಡಳು. ಅಳು ಏರಿತು. ಯಾವುದೋ ನೋವಿನ ಅಳು ಅದು. ಏಳಬೇಕು ಅನ್ನಿಸಿತು. ಒಂದು ಕೈ ತೊಳೆದಾಗಿತ್ತು, ಇನ್ನೊಂದು ಅರ್ಧ ಆಗಿತ್ತು. ಈಗ ಎದ್ದು ಹೋಗಿ ಹುಡುಗನನ್ನು ಮುಟ್ಟಿದರೆ? "ಬಂದ್ನಿ, ಬಂದ್ನಿ" ಎಂದು ಇದ್ದಲ್ಲಿಂದಲೇ ಕೂಗುತ್ತ ಇನ್ನೂ ಜೋರಾಗಿ ತಿಕ್ಕಿದಳು. ತಂಬಿಗೆ ಕೆಳಗಿಡಲು ಕೈ ಒಪ್ಪಲಿಲ್ಲ. ಹುಡುಗ ಕಿರುಚುತ್ತಲೇ ಇದ್ದ. ಅವಳು ತೊಳೆಯುತ್ತಲೇ ಇದ್ದಳು. ಪೂರಾ ಮುಗಿಸಿಯೇ ಎದ್ದಳು.

ಬಚ್ಚಲಲ್ಲಿ ಮಂಗಲ ತಮ್ಮನನ್ನು ಕಲ್ಲಿನ ಮೇಲೆ ಕೂರಿಸಿ ಒಂದು ಕೈಯಿಂದ ಅವನ ರಟ್ಟೆ ಬಿಗಿಯಾಗಿ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ಪಾತ್ರೆ ತಿಕ್ಕುವ ತೆಂಗಿನ ನಾರು. ಬೋಗುಣಿಯಲ್ಲಿ ಅರಿವೆ ಒಗೆಯುವ ಸೋಡಾ ಕಲಸಿದ ಬಿಸಿನೀರು. ಹುಡುಗನ ಎರಡೂ ಕೈ ಮೊಣಕೈವರೆಗೆ ಕೆಂಪಗಾಗಿ ಅಲ್ಲಲ್ಲಿ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು.

ತಾಯಿಯನ್ನು ಕಂಡು ಮಂಗಲ ನಾರು ಬಿಟ್ಟಳು. ಅವಳ ಕಣ್ಣಲ್ಲೂ ನೀರು ತುಂಬಿತ್ತು.

"ಎಲ್ಲಾ ತೊಳದೇನಿ ಯವ್ವಾ" ಎಂದಳು. "ನೀ ತೊಳ್ಯೂ ಹಂಗ ತೊಳದೇನಿ. ಏನೂ ಉಳದಿಲ್ಲ, ನಿನ್ನ ಆಣಿ. ಈಗರ ಇವನ್ನ ಎತ್ಕೋ."

ಚನ್ನವ್ವ ಬಗ್ಗಿ ಮಗನನ್ನು ಬಾಚಿಕೊಂಡಳು. ರಕ್ತ, ಸೋಡಾ ನೀರು, ಬಚ್ಚಲ ಕೆಸರು ಎಲ್ಲ ಅವಳ ಸೀರೆಗೆ ಹತ್ತಿತು. ಎಷ್ಟೋ ತಿಂಗಳ ನಂತರ ಎತ್ತಿಕೊಂಡಿದ್ದಳು. ಹುಡುಗ ಅವಳ ಎಣಿಕೆಗಿಂತ ಭಾರವಾಗಿದ್ದ. ಅವನು ಅವಳ ಕೊರಳಿಗೆ ಕೈ ಹಾಕಲಿಲ್ಲ. ಮೈ ಬಿಗಿಹಿಡಿದುಕೊಂಡೇ ಅಜ್ಜಿಯನ್ನು ಕೂಗುತ್ತಿದ್ದ.

ಹಾಗೇ ಬರಿಗಾಲಲ್ಲಿ ಊರ ಡಾಕ್ಟರರ ಹತ್ತಿರ ಓಡಿದಳು. ಮಂಗಲ ಹಿಂದೆ ಹಿಂದೆ ಓಡಿದಳು. ಡಾಕ್ಟರು ಹುಡುಗನ ಕೈಗೆ ಮುಲಾಮು ಹಚ್ಚಿ ಪಟ್ಟಿ ಸುತ್ತಿದರು. ಆಮೇಲೆ ಅವರ ಕಣ್ಣು ಚನ್ನವ್ವನ ಕೈ ಮೇಲೆ ಬಿತ್ತು. ಅಷ್ಟರಲ್ಲಿ ಸುದ್ದಿ ಮುಟ್ಟಿ ರಾವಸಾಹೇಬನೂ ಬಂದು ಬಾಗಿಲಲ್ಲಿ ನಿಂತಿದ್ದ.

"ಇವು ಎಷ್ಟ ದಿವಸದಿಂದ ಹಿಂಗ ಅದಾವ?" ಎಂದು ಡಾಕ್ಟರು ಕೇಳಿದರು.

ಚನ್ನವ್ವ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಉತ್ತರ ಕೊಟ್ಟವನು ರಾವಸಾಹೇಬ. ಕರು ಸತ್ತದ್ದರಿಂದ ಹಿಡಿದು ಗುಡಿಸಲಲ್ಲಿ ಮಲಗುವವರೆಗೆ, ತಡೆದು ತಡೆದು ಎಲ್ಲ ಹೇಳಿದ. ಡಾಕ್ಟರು ಪೂರ್ತಿ ಕೇಳಿಸಿಕೊಂಡರು.

"ಇದು ನನ್ನ ಕೈಯಾಗಿನ ಕೆಲಸ ಅಲ್ಲ ರಾವಸಾಹೇಬ್ರ. ಮಿರಜಿಗೆ ಕರಕೊಂಡ ಹೋಗ್ರಿ. ಮನಸಿನ ಬ್ಯಾನಿ ನೋಡೂ ಡಾಕ್ಟರ ಅಲ್ಲಿ ಅದಾರ."

ಮನೆಯಲ್ಲಿ ಸೋನಾಬಾಯಿ ಒಪ್ಪಲಿಲ್ಲ. "ಹುಚ್ಚರ ದವಾಖಾನಿಗೆ ನಮ್ಮ ಸೊಸಿನ್ನ ಒಯ್ಯೂದ? ಮಂದಿ ಏನಂದಾರು? ತೊಳ್ಯೂದು ಬಿಟ್ರ ಆತಲ್ಲ, ಅದಕ್ಕ ಡಾಕ್ಟರ ಯಾಕ ಬೇಕು?"

ಚನ್ನವ್ವ ಮೂಲೆಯಲ್ಲಿ ಕೂತಿದ್ದಳು. ಅತ್ತೆಯೆದುರು ದನಿ ಎತ್ತಿದವಳಲ್ಲ. ಅವತ್ತು ಎತ್ತಲೂ ಇಲ್ಲ, ಮೆಲ್ಲಗೇ ಹೇಳಿದಳು.

"ಬಿಡಾಕ ಆಗೂದಿಲ್ರಿ ಅತ್ತಿ. ಕೂಸು ಚೀರಾಕತ್ತಿತ್ತು, ನಾ ಕೈ ತೊಳ್ಕೊಂತ ಕುಂತಿದ್ನಿ. ಏಳಾಕ ಆಗಲಿಲ್ಲ. ಇನ್ನೇನ ಹೇಳ್ಲಿ ನಿಮಗ? ನಾ ಹೋಗತೇನ್ರಿ."

ಮರುದಿನ ಮುಂಜಾನೆ ಬುತ್ತಿ ಕಟ್ಟಿಕೊಟ್ಟವಳು ಸೋನಾಬಾಯಿಯೇ.

ಗಡಿಯಾಚೆ ಮಿರಜಿನ ಡಾಕ್ಟರಬಾಯಿ ವಯಸ್ಸಾದವರು, ತಲೆ ಪೂರಾ ಬೆಳ್ಳಗಾಗಿತ್ತು. ಮರಾಠಿಯಲ್ಲೇ ಮಾತಾಡಿದರು. ಚನ್ನವ್ವನಿಗೆ ಅದು ಪರಭಾಷೆಯೇನಲ್ಲ, ಗಡಿಯವರಿಗೆ ಎರಡೂ ತಾಯಿಮಾತೇ. ಆದರೂ ತಲೆ ತಗ್ಗಿಸಿ ಕೂತಳು. "ಘಾಬರೂ ನಕಾ" ಎಂದರು ಡಾಕ್ಟರಬಾಯಿ, ಅಂಜಬ್ಯಾಡ ಎಂದು. ಆಮೇಲೆ ತಾವೇ ಒಂದೊಂದಾಗಿ ಕೇಳಿದರು. ತೊಳೆಯುವಾಗ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆಯೇ? ಮಕ್ಕಳು ಸತ್ತ ಹಾಗೆ ಕಣ್ಣ ಮುಂದೆ ಬರುತ್ತದೆಯೇ? ಇದು ಸುಳ್ಳು ಎಂದು ಗೊತ್ತಿದ್ದೂ ತಡೆಯಲಾಗುವುದಿಲ್ಲವೇ?

ಚನ್ನವ್ವ ತಲೆಯೆತ್ತಿ ನೋಡಿದಳು. "ನಿಮಗ ಯಾರ ಹೇಳಿದ್ರು?" ಎಂದಳು.

"ಯಾರೂ ಹೇಳಿಲ್ಲ. ನಿನ್ನಂಥವರು ಇಲ್ಲಿಗೆ ಬರುತ್ತಲೇ ಇರುತ್ತಾರೆ."

"ನನ್ನಂಥಾಕಿ ಮತ್ತ ಯಾರರ ಅದಾರೇನ್ರಿ?" ಎಂದು ಕೇಳಿದ ಚನ್ನವ್ವ ಅಲ್ಲಿಯೇ, ಗಂಡನೆದುರು, ಗುರುತಿಲ್ಲದ ಹೆಂಗಸಿನೆದುರು, ಸದ್ದು ತೆಗೆದು ಅತ್ತಳು. ರಾವಸಾಹೇಬ ಕಿಟಕಿಯ ಕಡೆ ಮುಖ ತಿರುಗಿಸಿದ.

ಡಾಕ್ಟರಬಾಯಿ ಅವಳನ್ನು ಅಳಲು ಬಿಟ್ಟರು. ಆಮೇಲೆ ತಿಳಿಸಿ ಹೇಳಿದರು. ಇದೊಂದು ರೋಗ. ಶಾಪವಲ್ಲ, ಹುಚ್ಚಲ್ಲ, ಸೊಕ್ಕೂ ಅಲ್ಲ. ಗುಳಿಗೆ ಕೊಡುತ್ತೇನೆ, ಬಾಯಿ ಒಣಗುತ್ತದೆ, ತೂಕಡಿಕೆ ಬರುತ್ತದೆ, ಬಿಡಬೇಡ. ಗುಳಿಗೆಯೊಂದರಿಂದಲೇ ಆಗುವುದಿಲ್ಲ. ಅಂಜಿಕೆ ಬಂದಾಗ ತೊಳೆಯದೆ ಕೂರುವುದನ್ನು ಕಲಿಯಬೇಕು. ಸ್ವಲ್ಪ ಸ್ವಲ್ಪವೇ.

"ಆದರ ಔಷಧಿ ಖರೇನ ವಿಷ ಅಲ್ರಿ?" ಎಂದ ರಾವಸಾಹೇಬ.

"ಹೌದು, ವಿಷವೇ. ನೀನು ತೋಟದಲ್ಲೇ ಸಾಬಾಣ ಹಚ್ಚಿ ಜಳಕ ಮಾಡಿ ಬಾ, ಅದನ್ನು ಬಿಡಬೇಡ. ಡ್ರಮ್ಮಿಗೆ ಮುಚ್ಚಳ ಹಾಕು. ಒಮ್ಮೆ ತೊಳೆಯುವುದು ವಿಷಕ್ಕೆ. ಅದರ ಮೇಲೆ ತೊಳೆಯುವುದೆಲ್ಲ ರೋಗಕ್ಕೆ." ಆಮೇಲೆ ಚನ್ನವ್ವನ ಕಡೆ ತಿರುಗಿ ಕೇಳಿದರು: "ಮನೆಯಲ್ಲಿ ನಿನಗೆ ಆಣೆ ಮಾಡಿ ಹೇಳುವವರು ಯಾರು?"

"ಮಗಳು" ಎಂದಳು ಚನ್ನವ್ವ.

"ಅವಳು ಇನ್ನು ಉತ್ತರ ಕೊಡಬಾರದು. ಕೊಟ್ಟಷ್ಟೂ ರೋಗ ಇನ್ನೊಂದು ಕೇಳುತ್ತದೆ. ಇದನ್ನು ಅವಳಿಗೆ ನೀನೇ ಹೇಳಬೇಕು. ಬೇರೆಯವರು ಹೇಳಿದರೆ ಹುಡುಗಿ ಕೇಳುವುದಿಲ್ಲ."

ಮನೆಗೆ ಬಂದಾಗ ಮಂಗಲ ದನದ ಕೊಟ್ಟಿಗೆಯಲ್ಲಿ ಅಡಗಿಕೊಂಡಿದ್ದಳು. ತಮ್ಮನ ಕೈ ಸುಲಿದದ್ದಕ್ಕೆ ಅಪ್ಪ ಅವ್ವ ಪೊಲೀಸರನ್ನು ಕರೆಯಲು ಹೋಗಿದ್ದಾರೆಂದು ಯಾರೋ ಹುಡುಗರು ಹೆದರಿಸಿದ್ದರು. ಚನ್ನವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಒಳಗೆ ಸಗಣಿ, ಗಂಜಲ, ಗಂಡ ನೇತುಹಾಕಿದ್ದ ಹಳೆಯ ಅಂಗಿ. ಅಲ್ಲಿಗೆ ಅವಳು ಕಾಲಿಡದೆ ವರ್ಷಗಳಾಗಿದ್ದವು. ಗೋಡೆಗೆ ಮೈ ತಾಗದ ಹಾಗೆ ಸೆರಗು ಸುತ್ತಿಕೊಂಡು ಹೋಗಿ ಮಗಳ ಹತ್ತಿರ ಹುಲ್ಲಿನ ಮೇಲೆ ಕೂತಳು.

"ನೀ ತಪ್ಪ ಮಾಡಿಲ್ಲವ್ವ" ಎಂದಳು. "ನಾ ಮಾಡೂದನ್ನ ನೋಡಿ ನೀ ಮಾಡೀದಿ. ನನಗೊಂದು ಬ್ಯಾನಿ ಐತಂತ. ತಲ್ಯಾಗಿನ ಬ್ಯಾನಿ. ಅದು ನನ್ನ ಬಾಯಿಲೆ ಕೇಳತೈತಿ, ಏನ್ ಮುಟ್ಟಿ ಬಂದಿ ಅಂತ. ಕೇಳಾಕಿ ನಾ ಅಲ್ಲ."

"ಹಂಗಾರ ಬ್ಯಾನಿ ಕೇಳೂದು ಯಾವಾಗ, ನೀ ಕೇಳೂದು ಯಾವಾಗ? ನನಗ ಹೆಂಗ ತಿಳೀಬೇಕ?"

ಚನ್ನವ್ವ ಯೋಚಿಸಿದಳು. "ಊಟ ಮಾಡೀದಿ? ಅಭ್ಯಾಸ ಮಾಡೀದಿ? ಅಂದ್ರ ನಾ. ಮುಟ್ಟಿದ್ದು, ತೊಳದದ್ದು ಕೇಳಿದ್ರ ಬ್ಯಾನಿ. ಅದಕ್ಕ ನೀ ಉತ್ತರ ಕೊಡಬ್ಯಾಡ. ನಾ ಅತ್ರೂ ಕೊಡಬ್ಯಾಡ. ಬೈದ್ರೂ ಕೊಡಬ್ಯಾಡ."

"ನೀ ಅತ್ರ?" ಎಂದು ಮಂಗಲ ಮತ್ತೆ ಕೇಳಿದಳು. ಉಳಿದದ್ದೆಲ್ಲ ಅವಳಿಗೆ ಹಿಡಿಸಿತ್ತು, ಇದೊಂದು ಹಿಡಿಸಲಿಲ್ಲ.

ಅದರ ಪರೀಕ್ಷೆ ಬೇಗನೇ ಬಂತು. ಗುಳಿಗೆ ಇನ್ನೂ ಮೈಗೆ ಹತ್ತಿರಲಿಲ್ಲ. ಸಂಜೆ ಮಂಗಲ ಸಾಲೆಯಿಂದ ಬಂದಳು. ಪಾಟಿಚೀಲಕ್ಕೆ ಹಸಿರು ಕಲೆ ಹತ್ತಿತ್ತು. ಎಲೆಯ ಕಲೆಯೋ, ದ್ರಾಕ್ಷಿಗೆ ಹೊಡೆಯುವ ಮೋರತೂತು ಅಂದರೆ ಮೈಲುತುತ್ತದ್ದೋ? ಚನ್ನವ್ವನ ಬಾಯಿಂದ ಮಾತು ತಾನಾಗಿ ಹೊರಟಿತು.

"ಏನ್ ಮುಟ್ಟಿ ಬಂದಿ?"

ಮಂಗಲ ತುಟಿ ಬಿಗಿದುಕೊಂಡಳು.

"ಮಂಗಲಾ, ಆ ಕಲಿ ಏನದು? ಹೇಳ್ಬೇ."

ಹುಡುಗಿ ತಲೆ ಅಲ್ಲಾಡಿಸಿದಳು.

"ಇದೊಂದ ಸಲ ಹೇಳು. ಇದೊಂದ ಸಲ. ನಾಳಿಂದ ಕೇಳೂದಿಲ್ಲ. ನನ್ನ ಜೀವ ಹೋಗಾಕತ್ತೈತಿ, ಕಾಣೂದಿಲ್ಲೇನ ನಿನಗ?"

ಮಂಗಲಳ ಗಲ್ಲದ ಮೇಲೆ ನೀರು ಇಳಿಯಿತು. ಎರಡೂ ಕೈಯಿಂದ ತನ್ನ ಬಾಯನ್ನೇ ಮುಚ್ಚಿಕೊಂಡಳು. ತಾಯಿ ಸಾಯುತ್ತಿದ್ದಾಳೆ, ತನ್ನದೊಂದು ಮಾತಿನಿಂದ ಬದುಕುತ್ತಾಳೆ ಅನ್ನಿಸುವಾಗ ಆ ಮಾತನ್ನು ನುಂಗುವುದು ದೊಡ್ಡವರಿಗೂ ಆಗದ ಕೆಲಸ. ಅವಳು ನುಂಗಿದಳು. ಹೊಸ್ತಿಲ ಆಚೆ ನಿಲ್ಲದೆ, ಪಾಟಿಚೀಲ ಸಮೇತ ಒಳಗೆ ಬಂದು ತಾಯಿಯ ಮಗ್ಗುಲಿಗೆ ಕೂತಳು.

ಚನ್ನವ್ವ ಬಚ್ಚಲ ಕಡೆ ನೋಡಿದಳು. ಏಳಲಿಲ್ಲ. ಎರಡೂ ಅಂಗೈ ನೆಲಕ್ಕೆ ಒತ್ತಿ ಹಿಡಿದಳು. ತೋಟದಿಂದ ಬಂದ ರಾವಸಾಹೇಬ ಬಾಗಿಲಲ್ಲಿ ನಿಂತವನು ಇಬ್ಬರ ಮುಖ ನೋಡಿ, ಏನೂ ಕೇಳದೆ ಅಲ್ಲೇ ಕೆಳಗೆ ಕೂತ. ಸೋನಾಬಾಯಿ ದೀಪ ಹಚ್ಚಿದಳು. ಹಿಟ್ಟು ನಾದಿದಳು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಯಾವುದೋ ಹೊತ್ತಿನಲ್ಲಿ, ಜ್ವರ ಬಿಡುವ ಹಾಗೆ, ಅಂಜಿಕೆ ತಾನಾಗಿ ಇಳಿಯತೊಡಗಿತು. ತೊಳೆಯದೆಯೂ ಅದು ಇಳಿಯುತ್ತದೆ ಎಂಬುದು ಚನ್ನವ್ವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಗಳ ತಲೆಯ ಮೇಲೆ ಕೈ ಇಟ್ಟಳು.

ಅಲ್ಲಿಂದ ಎಲ್ಲ ಸರಿಹೋಯಿತು ಅನ್ನುವ ಹಾಗಿಲ್ಲ. ವಾಸಿಯಾಯಿತೆಂದು ತಿಳಿದು ಒಮ್ಮೆ ಗುಳಿಗೆ ಬಿಟ್ಟಳು. ಔಷಧಿ ಹೊಡೆಯುವ ಕಾಲ ಬಂದೊಡನೆ ಮತ್ತೆ ಬಚ್ಚಲು ಸೇರಿದಳು, ಮತ್ತೆ ಮಿರಜಿಗೆ ಹೋದಳು. ಡಾಕ್ಟರಬಾಯಿ ಬೈಯಲಿಲ್ಲ. ಕೆಲವು ದಿನ ರಾವಸಾಹೇಬನೇ ಬೇಸತ್ತು, "ಏನೂ ಇಲ್ಲ ಮಾರಾಯ್ತಿ, ಎಲ್ಲಾ ಸ್ವಚ್ಛ ಐತಿ" ಎಂದುಬಿಡುತ್ತಿದ್ದ. ಆಗ ಮಂಗಲಳೇ, "ಉತ್ತರ ಕೊಡಬ್ಯಾಡ ಅಪ್ಪಾ" ಎಂದು ಅವನನ್ನು ತಡೆಯುತ್ತಿದ್ದಳು. ಆ ವಯಸ್ಸಿನ ಹುಡುಗಿಯ ಬಾಯಲ್ಲಿ ಅಂಥ ಬಿಗಿ ಮಾತು ಕೇಳಿದಾಗ ಚನ್ನವ್ವನಿಗೆ ಹೆಮ್ಮೆಯಾಗುತ್ತಿರಲಿಲ್ಲ. ಕುಂಟಾಟ ಆಡುವ ಕಾಲದಲ್ಲಿ ಮಗಳನ್ನು ಮುದುಕಿ ಮಾಡಿದೆನಲ್ಲ ಎಂದು ಮನಸ್ಸು ಸುಡುತ್ತಿತ್ತು.

ಭೀಮಸಿ ತಾಯಿಗೆ ಒಗ್ಗಲು ಬಹಳ ಕಾಲ ಹಿಡಿಯಿತು. ಬಿದ್ದರೆ ಅಜ್ಜಿಯ ಹತ್ತಿರವೇ ಓಡುತ್ತಿದ್ದ. ಚನ್ನವ್ವ ಒತ್ತಾಯ ಮಾಡಲಿಲ್ಲ. ದಿನಾ ಅವನು ಮಣ್ಣಲ್ಲಿ ಆಡುವಲ್ಲಿ ಹೋಗಿ, ಹಲ್ಲು ಕಚ್ಚಿಕೊಂಡು, ಮಣ್ಣಲ್ಲಿ ಕೂರುತ್ತಿದ್ದಳು. ಅವನು ಮಣ್ಣಿನ ಎತ್ತು ಮಾಡಿದರೆ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಒಂದು ದಿನ ಅವನು ಆಟದ ನಡುವೆ ಏನೂ ವಿಶೇಷವಿಲ್ಲದ ಹಾಗೆ ಬಂದು ಅವಳ ತೊಡೆಯ ಮೇಲೆ ಕೂತು ಆಟ ಮುಂದುವರಿಸಿದ. ಅವಳು ಉಸಿರು ಬಿಗಿಹಿಡಿದು ಕೂತಳು.

ಸರ್ವರಬಿಯ ಮನೆಗೂ ಹೋದಳು. ಬಾಗಿಲಲ್ಲೇ ನಿಂತು ರೋಗದ ಸಂಗತಿ ಹೇಳಿದಳು. ಸರ್ವರಬಿ ಎಲ್ಲ ಕೇಳಿದ ಮೇಲೆ, "ಆವತ್ತ ಹೇಳಬಾರದಿತ್ತ? ಊರಾಗ ನಾಕ ಮಂದಿ ಮುಂದ ನಿನ್ನ ಬೈದೇನಿ" ಎಂದಳು. ಒಳಗೆ ಕರೆದು ಚಹಾ ಕೊಟ್ಟಳು. ಚನ್ನವ್ವ ಬಟ್ಟಲು ಹಿಡಿದಳು, ಒಂದು ಗುಟುಕು ಕುಡಿಯುವಷ್ಟರಲ್ಲಿ ಹಣೆಯೆಲ್ಲ ಬೆವರಿತು. ಸರ್ವರಬಿ ನೋಡುತ್ತಿದ್ದಳು. "ಪೂರಾ ಕುಡೀಬೇಕಂತೇನಿಲ್ಲ" ಎಂದಳು ಮೆತ್ತಗೆ. ಚನ್ನವ್ವ ಪೂರಾ ಕುಡಿದಳು. ಮೊದಲಿನಷ್ಟು ಸಲಿಗೆ ಬರಲಿಲ್ಲ, ಆದರೂ ಹೋಗಿ ಬರುವುದು ಆಯಿತು.

ವರ್ಷಗಳು ಕಳೆದವು. ಸೋನಾಬಾಯಿ ತೀರಿಕೊಂಡಳು. ತೋಟದಲ್ಲಿ ದ್ರಾಕ್ಷಿ ಒಣಗಿಸಿ ಮಣುಕ ಮಾಡುವ ಶೆಡ್ಡು ಎದ್ದಿತು. ಮಂಗಲ ಅಥಣಿಯಲ್ಲಿ ಕೋಣೆ ಹಿಡಿದು ಗೆಳತಿಯೊಬ್ಬಳ ಜೊತೆ ಕಾಲೇಜು ಓದತೊಡಗಿದಳು. ಚನ್ನವ್ವನ ಗುಳಿಗೆ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಅವಳ ಕೈಗಳ ಬಿರುಕುಗಳು ಮಾಯ್ದಿದ್ದವು.

ತೊಂಬತ್ತೇಳನೇ ಇಸವಿಯ ಬೇಸಿಗೆಯ ಮೊದಲಿಗೆ, ವಾರದ ನಡುವೆ, ಮಂಗಲ ಹೇಳದೆ ಕೇಳದೆ ಮನೆಗೆ ಬಂದಳು. ಚನ್ನವ್ವ ಶೆಡ್ಡಿನ ನೆರಳಲ್ಲಿ ಕೂತು ಮಣುಕ ಆರಿಸುತ್ತಿದ್ದಳು. ಮಂಗಲ ಬಂದು ಎದುರಿಗೆ ಕೂತು ತಾನೂ ಆರಿಸತೊಡಗಿದಳು. ಮುಖ ಇಳಿದಿತ್ತು. ಪರೀಕ್ಷೆಯ ಚಿಂತೆ ಇರಬೇಕೆಂದುಕೊಂಡಳು ಚನ್ನವ್ವ.

"ಯವ್ವಾ" ಎಂದಳು ಮಂಗಲ, ತಲೆ ಎತ್ತದೆ. "ಕ್ವಾಣಿ ಕೀಲಿ ಹಾಕಿದ ಮ್ಯಾಲ ಹಾಕಿಲ್ಲ ಅನಸ್ತೈತಿ. ಕಾಲೇಜಿನ ತನಾ ಹೋದಾಕಿ ಹೊಳ್ಳಿ ಬರತೇನಿ. ಜಗ್ಗಿ ನೋಡತೇನಿ. ಮತ್ತ ಹೋಗತೇನಿ, ಮತ್ತ ಬರತೇನಿ. ಸ್ಟೋವ್ ಆರಿಸಿದ್ದೂ ಹಂಗ. ಗೆಳತಿ ಬೆಂಕ್ಯಾಗ ಸುಟ್ಟಂಗ ಕಣ್ಣಿಗೆ ಕಾಣತೈತಿ." ತಲೆ ಎತ್ತಿದಳು. "ನಂಗೂ ಬಂದೈತೇನ?"

ಚನ್ನವ್ವನ ಕೈಯಲ್ಲಿದ್ದ ಮೊರ ನಿಂತಿತು. ತಾಯಿಯಾದವಳ ನಾಲಿಗೆಗೆ ಅಲ್ಲಿ ಬರುವ ಮಾತು ಒಂದೇ: ಇಲ್ಲ ಮಗಳ, ನಿನಗೇನೂ ಆಗಿಲ್ಲ. ಆ ಮಾತು ತುಟಿಯವರೆಗೂ ಬಂತು. ಅಂಥ ಸಮಾಧಾನದ ಮಾತು ಎಷ್ಟು ಹೊತ್ತು ಬಾಳುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಇರಲಿಲ್ಲ. ತನ್ನ ರಕ್ತದಿಂದಲೇ ಹೋಯಿತೇನೋ ಎಂಬ ಯೋಚನೆ ಎದೆಗೆ ಇರಿಯಿತು. ಅದನ್ನು ಮಗಳೆದುರು ಆಡಿದರೆ ಮಗಳು ತನ್ನನ್ನೇ ಸಂತೈಸಲು ಕೂರುತ್ತಾಳೆ. ಅದು ಇನ್ನು ಬೇಡ.

"ನನಗ ಗೊತ್ತಿಲ್ಲವ್ವ" ಎಂದಳು. "ಗೊತ್ತಿದ್ದವರನ್ನ ಕೇಳೂಣು. ನಾಳೆ ಮುಂಜಾನೆ ಗಾಡಿಗೆ ಹೋಗೂಣು."

"ಪರೀಕ್ಷಾ ಮುಗದ ಮ್ಯಾಲ ಹೋದ್ರಾತು."

"ಇಲ್ಲ. ನಾಳೇನ."

ಮಿರಜಿನಲ್ಲಿ ಹಳೆಯ ಡಾಕ್ಟರಬಾಯಿ ಕೆಲಸ ಬಿಟ್ಟಿದ್ದರು. ಅವರ ಕುರ್ಚಿಯಲ್ಲಿ ಒಬ್ಬ ತರುಣ ಡಾಕ್ಟರು ಇದ್ದರು. ಮಂಗಲ ಒಳಗೆ ಹೋಗುವಾಗ ಚನ್ನವ್ವನೂ ಎದ್ದಳು. ಮಂಗಲ, "ನಾ ಒಬ್ಬಾಕಿನ ಹೇಳತೇನಿ ಬೇ" ಎಂದಳು. ಚನ್ನವ್ವ ಹೊರಗೆ ಬೆಂಚಿನ ಮೇಲೆ ಕೂತಳು. ಮಗ್ಗುಲಲ್ಲಿ ಯಾರೋ ಹೊಸ ಸೊಸೆ, ಜೊತೆಗೆ ಗಂಡನೂ ಇಲ್ಲದೆ, ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕೂತಿದ್ದಳು. ಚನ್ನವ್ವ ಸ್ವಲ್ಪ ಸರಿದು ಅವಳ ಹತ್ತಿರ ಕೂತಳು. ಯಾವ ಊರು ಎಂದು ಮರಾಠಿಯಲ್ಲಿ ಕೇಳಿದಳು.

ಮಂಗಲ ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು. ಅದೇ ರೋಗ ಎಂದಿದ್ದರು ಡಾಕ್ಟರು. ಇನ್ನೂ ಬೇರು ಬಿಟ್ಟಿಲ್ಲ, ಬೇಗ ಬಂದದ್ದು ಒಳ್ಳೆಯದಾಯಿತು, ಸದ್ಯಕ್ಕೆ ಗುಳಿಗೆ ಬೇಡ, ತಿರುಗಿ ಹೋಗಿ ಕೀಲಿ ನೋಡುವುದನ್ನು ನಿಲ್ಲಿಸುವ ಅಭ್ಯಾಸ ಮಾಡು, ತಿಂಗಳು ಬಿಟ್ಟು ಬಾ ಎಂದಿದ್ದರು.

ಬಸ್ಸು ಕಾಗವಾಡ ದಾಟಿತು. ಎರಡೂ ಕಡೆ ಕಬ್ಬು ಕಡಿದ ಹೊಲಗಳು, ನಡುನಡುವೆ ದ್ರಾಕ್ಷಿ ಚಪ್ಪರ. ಮಂಗಲ ಕಿಟಕಿಯ ಹೊರಗೆ ನೋಡುತ್ತಿದ್ದವಳು ಕೇಳಿದಳು:

"ನಿನಗ ಮೊದಲ ಶುರು ಆದಾಗ ಯಾರಿಗೆ ಹೇಳಿದ್ದಿ?"

"ಯಾರಿಗೂ ಇಲ್ಲ."

"ಯಾಕ?"

"ಹೇಳಾಕ ಬರತೈತಿ ಅನ್ನೂದ ಗೊತ್ತಿರಲಿಲ್ಲ."

ಅಥಣಿಗೆ ನಾಳೆಯೇ ತಿರುಗಿ ಹೋಗುತ್ತೇನೆ, ಓದುವುದು ಬಹಳ ಉಳಿದಿದೆ ಎಂದು ಮಂಗಲ ಹೇಳಿದಳು. ಚನ್ನವ್ವ ಹೂಂ ಎಂದಳು. ಕೀಲಿ ಹಾಕಿ ಬಂದಿದ್ದೆಯಾ ಎಂದು ಅವಳೂ ಕೇಳಲಿಲ್ಲ, ಮಗಳೂ ಆ ಮಾತು ಎತ್ತಲಿಲ್ಲ. ಊರು ಬರುವವರೆಗೆ ಇಬ್ಬರೂ ಪೇರಲಹಣ್ಣು ಹಂಚಿಕೊಂಡು ತಿಂದರು.